ಕೀಲಿಕೈಯ ಎರಡು ಬಡಿತ

ಮರುಭೂಮಿಯಂಚಿನ ನಮ್ಮ ವರ್ಜಾಜಾತ್ ಊರಿನಲ್ಲಿ ಸಿನಿಮಾಕ್ಕೆ ಮುಖ ಕೊಡದ ಗಂಡಸಿಲ್ಲ. ಇವತ್ತು ರೋಮನ್ ಸೈನಿಕ, ನಾಳೆ ಒಂಟೆ ವ್ಯಾಪಾರಿ. ಈ ಸಲ ನನಗೆ ಸಿಕ್ಕಿದ್ದು ಜೈಲು ಕಾವಲುಗಾರನ ಪಾತ್ರ. ಸೇನೆಯಲ್ಲಿ ಅಡುಗೆಯವನಾಗಿದ್ದೆ ಎಂದು ಮೂವತ್ತೈದು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದವನು ನಾನು. ನಿಜವಾಗಿ ಇದ್ದದ್ದು ಬೆಟ್ಟದಾಚೆಯ ಗುಟ್ಟಿನ ಜೈಲಿನಲ್ಲಿ, ಕೀಲಿಕೈ ಹಿಡಿದು.

"ಮೊಟ್ಟೆ ಬೇಯಿಸೋಕೆ ಬರಲ್ಲ, ಅದ್ಯಾವ ಸೇನೆ ನಿಮ್ಮ ಅಡುಗೆ ತಿಂದು ಬದುಕ್ತೋ!" ಎಂದು ಹೆಂಡತಿ ತೂದಾ ಅಣಕಿಸುತ್ತಿದ್ದಳು. ನಾನೂ ನಗುತ್ತಿದ್ದೆ.

ಚಿತ್ರವನ್ನು ಊರವರಿಗೆಂದು ಒಂದು ಮಧ್ಯಾಹ್ನ ತೋರಿಸಿದರು. ನನ್ನ ಪಕ್ಕ ಮೋಹಾ. ನೆರೆಮನೆಯವನು, ಇಪ್ಪತ್ತು ವರ್ಷದಿಂದ ದಿನಾ ನನ್ನ ಜೊತೆ ಚಹಾ ಕುಡಿಯುವವನು, ಅದೇ ಜೈಲಿನಲ್ಲಿ ಒಂಬತ್ತು ವರ್ಷ ಕೊಳೆತವನು. ಕೈದಿಗಳ ಕಣ್ಣಿಗೆ ಪಟ್ಟಿ ಕಟ್ಟಿರುತ್ತಿತ್ತು. ಒಳಗಿರುವವರು ಮಾತಾಡುವ ಹಾಗಿರಲಿಲ್ಲ, ನಾವೂ ತುಟಿ ಬಿಚ್ಚುತ್ತಿರಲಿಲ್ಲ. ಹಾಗಾಗಿ ಅವನಿಗೆ ನನ್ನ ಗುರುತಿಲ್ಲ. ನನಗಿತ್ತು, ಅವನು ಪಕ್ಕದ ಮನೆಗೆ ಬಂದ ದಿನದಿಂದಲೂ.

"ಒಬ್ಬ ಇದ್ದ ಕಣೋ ಇಶ್ಶೂ," ಎಂದು ಮೋಹಾ ಎಷ್ಟೋ ಸಲ ಹೇಳಿದ್ದ. "ಬೇರೆಯವ್ರು ಬಾಗಿಲಿಗೆ ಒದ್ದು ರೊಟ್ಟಿ ಎಸೀತಿದ್ರು. ಇವನು ಕೀಲಿಕೈಲಿ ಎರಡು ಸಲ ತಟ್ಟಿ ಕೈಗೇ ಕೊಡ್ತಿದ್ದ. ಸಿಕ್ಕಿದ್ರೆ ಆ ಕೈಗೆ ಮುತ್ತಿಡ್ತೀನಿ. ಆಮೇಲೆ ಕೇಳ್ತೀನಿ, ಅಷ್ಟು ಕರುಣೆ ಇದ್ದೋನು ಮತ್ತೆ ಬೀಗ ಯಾಕೋ ಹಾಕ್ಕೊಂಡು ಹೋಗ್ತಿದ್ದೆ ಅಂತ."

ನಾನು ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿಯುತ್ತಿದ್ದೆ.

ಪರದೆಯ ಮೇಲೆ ನನ್ನ ಸರದಿ ಬಂತು. ರೊಟ್ಟಿ ಕೊಡು ಎಂದಷ್ಟೇ ನಿರ್ದೇಶಕ ಹೇಳಿದ್ದ. ಹಾಳು ಕೈ! ಕೀಲಿಕೈಯಿಂದ ಬಾಗಿಲನ್ನು ಎರಡು ಸಲ ತಟ್ಟಿತು. ಚಿತ್ರೀಕರಣದ ದಿನ ನನಗದು ಗೊತ್ತೇ ಆಗಿರಲಿಲ್ಲ.

ಹಿಂದಿನವರು ಸಿಳ್ಳೆ ಹಾಕಿದರು. ಮೋಹಾ ಕುರ್ಚಿಯ ಮೇಲಿದ್ದ ನನ್ನ ಕೈಯನ್ನು ನೋಡಿದ. ಎದ್ದು ಹೋಗೋಣವೆಂದರೆ ಎರಡೂ ಕಡೆ ಮೊಣಕಾಲುಗಳ ಸಾಲು.

ಹೊರಗೆ ಬಂದರೆ ಜನರಿಗೆ ಅದೇ ಚರ್ಚೆ.

"ರೊಟ್ಟಿ ಕೊಟ್ನಲ್ಲಪ್ಪ, ಆ ಕಾವಲಿನೋನು ಒಳ್ಳೇವ್ನೇ."

"ಬೀಗ ಹಾಕಿದ್ನಲ್ಲ, ಅದಕ್ಕೇನಂತೀಯ?"

"ಮೋಹಾ, ನೀನು ಹೇಳು. ಅನುಭವ ಇದ್ದೋನು."

"ಅವನನ್ನೇ ಕೇಳಿ," ಎಂದು ನನ್ನತ್ತ ಗದ್ದ ಎತ್ತಿ ತೋರಿಸಿ ಮೋಹಾ ನಡೆದುಬಿಟ್ಟ. ನಟನನ್ನು ಕೇಳಿ ಎಂದನೆಂದುಕೊಂಡು ಎಲ್ಲರೂ ನಕ್ಕರು.

ಮರುದಿನ ಮಧ್ಯಾಹ್ನ ನಮ್ಮ ಬಾಗಿಲಿಗೆ ಕೀಲಿಕೈಯಿಂದ ಎರಡು ಬಡಿತ. ತೂದಾ ಬಿಸಿ ರೊಟ್ಟಿ ಹಿಡಿದು ಒಳಬಂದಳು. "ಮೋಹಾ ಅಣ್ಣ ಕೊಟ್ಟು ಹೋದ್ರು. ಒಳಗೆ ಬರಲೇ ಇಲ್ಲ. ಏನ್ರೀ, ಜಗಳಾನಾ?"

ಅಂದಿನಿಂದ ದಿನವೂ ಹಾಗೇ. ನಲವತ್ತು ದಿನವಾಯಿತು, ನಾನು ಹೊಸ್ತಿಲು ದಾಟಿಲ್ಲ. ಬೈದಿದ್ದರೆ, ಉಗಿದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ರೊಟ್ಟಿಯನ್ನು ತಡೆದುಕೊಳ್ಳಲಾರೆ.

ಇವತ್ತು ಬಡಿತ ಕೇಳಿದಾಗ ನಾನೇ ಬಾಗಿಲ ಹಿಂದೆ ನಿಂತಿದ್ದೆ.

"ಮೋಹಾ..." ಎಂದೆ.

ಹೊರಗೆ ಹೆಜ್ಜೆ ನಿಂತಿತು.

"ಒಳಗಿರೋರು ಮಾತಾಡೋ ಹಾಗಿಲ್ಲ," ಎಂದ.

ಹೆಜ್ಜೆ ಸಪ್ಪಳ ದೂರವಾಯಿತು. ಚಿಲಕ ನನ್ನ ಕಡೆಗೇ ಇತ್ತು. ತೆಗೆಯಲು ಕೈ ಬರಲಿಲ್ಲ.