ಹನ್ನೊಂದು ಗ್ರಾಂ

ಸೀಟು ಕುಸಿಯುತ್ತಿದೆ, ಅಲ್ಲ, ಸೀಟಲ್ಲ, ಹಿಂದಿನ ಚಕ್ರ, ರಸ್ತೆಯ ಒಂದೊಂದು ಕಲ್ಲೂ ಈಗ ನೇರವಾಗಿ ಬೆನ್ನಿಗೆ ಬಂದು ತಟ್ಟುತ್ತಿದೆ, ಟಪ ಟಪ ಟಪ — ಇಲ್ಲೇ ಆಗಬೇಕಿತ್ತಾ, ಹೊಳೆನರಸೀಪುರ ದಾಟಿ ಎಂಟು ಕಿಲೋಮೀಟರು, ಅರಕಲಗೂಡಿಗೆ ಇನ್ನೂ ಇಪ್ಪತ್ತರ ಮೇಲೆ, ಒಂದು ಕಡೆ ಕಬ್ಬು, ಇನ್ನೊಂದು ಕಡೆ ನಾಲೆ, ಭಾನುವಾರ ಬೆಳಗ್ಗೆ ಒಂಬತ್ತೂವರೆ, ಬಿಸಿಲು ಆಗಲೇ ಕತ್ತಿನ ಮೇಲೆ ಬಂದು ಕೂತಿದೆ. ಇಳಿದೆ. ಟೈರು ಒತ್ತಿದೆ, ಬಾಡಿದ ಬದನೆಕಾಯಿಯ ಹಾಗೆ ಮೆತ್ತಗೆ. ಇರಲಿ ಅನುಶ್ರೀ, ನೀನು ಪಿ.ಟಿ. ಮೇಡಂ, ಸಾಲಗಾಮೆ ಕಡೆಯ ಹೈಸ್ಕೂಲಿನ ಇನ್ನೂರು ಮಕ್ಕಳನ್ನು ಒಂದು ವಿಷಲಿಗೆ ಸಾಲು ನಿಲ್ಲಿಸುವವಳು, ಒಂದು ಪಂಚರಿಗೆ ಹೆದರುವುದೇನು, ಸೀಟಿನ ಕೆಳಗೆ ಕಟ್ಟಿಕೊಂಡ ಈ ಅಂಗೈಯಗಲದ ಚೀಲದಲ್ಲಿ ಎಲ್ಲವೂ ಇದೆ, ಒಂದು ಟ್ಯೂಬು, ಎರಡು ಟೈರ್ ಲಿವರು, ಪ್ಯಾಚು, ಸಲ್ಯೂಷನ್ನು, ಬೋಲ್ಟು ತಿರುಗಿಸುವ ಕೀಲಿಗಳ ಒಂದು ಗೊಂಚಲು, ಪಂಪು ಹೇಗೂ ಫ್ರೇಮಿಗೆ ಸಿಕ್ಕಿಸಿದೆ — ಇದಕ್ಕಾಗಿಯೇ ತಾನೇ ಒಂದೂವರೆ ತಿಂಗಳು ಮನೆಯವರ ತಲೆ ತಿಂದದ್ದು. ತಿಂದದ್ದು ನಾನಾ, ಅವರಾ?

ಒಂದು ಚೀಲ. ಬರೀ ಒಂದು ಚೀಲ ಬೇಕಿತ್ತು ನನಗೆ, ಹಗುರವಾದದ್ದು, ತುಳಿಯುವಾಗ ತೊಡೆಗೆ ಉಜ್ಜದ್ದು, ಆ ಕಡೆ ಈ ಕಡೆ ಓಲಾಡದ್ದು. ಹಾಸನದ ಸೈಕಲ್ ಅಂಗಡಿಯ ಶಶಿಕಿರಣ್ ಗೋಡೆಯಿಂದ ಐದು ಚೀಲ ಇಳಿಸಿ ಗಾಜಿನ ಮೇಲೆ ಹರಡಿದ, ಹರಡಿ ಕೇಳಿದ್ದು ನನ್ನನ್ನಲ್ಲ, ಪಕ್ಕದಲ್ಲಿ ಹೆಲ್ಮೆಟ್ಟು ಹಿಡಿದು ನಿಂತಿದ್ದ ನನ್ನ ಗಂಡ ಮನುವನ್ನು, ಮೇಡಂ ಎಷ್ಟು ದೂರ ಓಡುಸ್ತಾರೆ ಸಾ? ಮನುವೂ ಉತ್ತರ ಕೊಟ್ಟರು, ಅವಳಾ, ನೂರು ಕಿಲೋಮೀಟ್ರು ಹೋಗ್ತಾಳೆ, ಅಂತ ಎಮ್ಮೆಯ ಹಾಲಿನ ಲೆಕ್ಕ ಹೇಳುವ ಹಾಗೆ. ನಾನು ಇಲ್ಲೇ ನಿಂತಿದ್ದೇನಪ್ಪ, ಬಾಯಿ ಇದೆ ನನಗೆ. ನಾನು ಎತ್ತಿಕೊಂಡದ್ದು ಬೂದು ಬಣ್ಣದ್ದು, ಎಪ್ಪತ್ತು ಗ್ರಾಮೂ ಇರಲಿಲ್ಲ, ಒಳಗೆ ಅಸ್ತರಿಲ್ಲ, ಜಿಪ್ಪಿಲ್ಲ, ಸುತ್ತಿ ಪಟ್ಟಿ ಬಿಗಿಯುವುದು ಅಷ್ಟೇ. ಮನು ಎತ್ತಿಕೊಂಡದ್ದು ಕಪ್ಪು, ಅಸ್ತರು, ಜಿಪ್ಪು, ಹಿಂದೆ ಮಿನುಗುವ ಪಟ್ಟಿ, ಅದರ ಎರಡರಷ್ಟು ತೂಕ. ಇದೇ ಇರ್ಲಿ ಕಣೆ, ಗಟ್ಟಿಯಾಗ್ ಅದೆ. ನನಗೆ ಗಟ್ಟಿ ಬೇಡ ರೀ, ಹಗುರ ಬೇಕು. ಬೆಳಿಗ್ಗೆ ಎರಡು ಇಡ್ಲಿ ಕಮ್ಮಿ ತಿನ್ನು, ಸರಿಹೋಯ್ತದೆ. ಶಶಿಕಿರಣ್ ನಕ್ಕ. ನಗಲಿ, ಮಹಡಿ ಮನೆಗೆ ಮೂವತ್ತೊಂದು ಮೆಟ್ಟಿಲು ಸೈಕಲ್ ಹೊತ್ತು ಹತ್ತುವವನು ಅವನಲ್ಲ, ಎಡ ಹೆಗಲಿನ ಮೂಳೆಗೆ ಸ್ಟೀಲ್ ಪಟ್ಟಿ ಹಾಕಿಸಿಕೊಂಡವನೂ ಅವನಲ್ಲ. ಮೂರು ಸಲ ಹೋದೆವು, ಮೂರು ಸಲವೂ ಬರಿಗೈಯಲ್ಲಿ ಬಂದೆವು, ಅತ್ತೆ ಕಾಮಾಕ್ಷಮ್ಮ ಸೊಪ್ಪು ಬಿಡಿಸುತ್ತಾ, ಒಂದು ಚೀಲುಕ್ಕೆ ಇಷ್ಟು ರಾಮಾಯ್ಣನೇನವ್ವ, ಅವ್ನು ಸೈಕಲ್ ತುಳಿಯಾಕ್ಕೆ ಬಿಟ್ಟಿರಾದೇ ಎಚ್ಚು, ಅಂದರು. ಬಿಟ್ಟಿರೋದು. ಕಟ್ಟಿದ್ದನ್ನು ತಾನೇ ಬಿಡುವುದು? ಕೊನೆಗೆ ನನ್ನ ಹುಟ್ಟಿದ ದಿನಕ್ಕೆ ಮನು ಕಾಗದ ಸುತ್ತಿ ಕೈಗಿಟ್ಟರು, ಬಿಚ್ಚಿದರೆ ಆ ಕಪ್ಪು ಚೀಲವೇ. ಉಡುಗೊರೆಯನ್ನು ಬೇಡ ಅನ್ನಲಾಗುತ್ತದೆಯೇ, ಅನ್ನಲಿಲ್ಲ, ಎಲ್ಲ ತುಂಬಿ ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ, ನಾನೂರ ಮೂವತ್ತೆಂಟು. ಹದಿನೈದು ದಿನ ಬಿಟ್ಟು ಮತ್ತೆ ಇಟ್ಟೆ, ನಾನೂರ ನಲವತ್ತೊಂಬತ್ತು. ತಕ್ಕಡಿಗೆ ಬೈದೆ, ಬ್ಯಾಟರಿ ಬದಲಾಯಿಸಿದೆ, ಆಗಲೂ ನಾನೂರ ನಲವತ್ತೊಂಬತ್ತು, ಹೋಗಲಿ ಅತ್ತ, ಹನ್ನೊಂದು ಗ್ರಾಂ ಎಂದರೆ ಏಳೆಂಟು ಗೋಡಂಬಿ.

ಚಕ್ರ ಬಿಚ್ಚಿದೆ, ಸೈಕಲನ್ನು ಬೇಲಿಗೆ ಒರಗಿಸಿದೆ, ಟೈರಿನ ಒಳಗೆ ಬೆರಳಾಡಿಸಿದರೆ ಸಿಕ್ಕಿತು, ಜಾಲಿಮುಳ್ಳು, ಉಗುರಿನಷ್ಟುದ್ದ. ಚೀಲ ಬಿಚ್ಚಿ ಟವೆಲ್ಲಿನ ಮೇಲೆ ಸುರಿದೆ, ಲಿವರು, ಪ್ಯಾಚು, ಕೀಲಿ, ಟ್ಯೂಬು — ಖಾಲಿ ಚೀಲವನ್ನು ಮಡಿಸಿ ಮೊಣಕಾಲ ಕೆಳಗೆ ಇಟ್ಟುಕೊಂಡರೆ ಏನೋ ಒತ್ತುತ್ತಿದೆ. ಕಲ್ಲು ಅಂತ ಕೊಡವಿದೆ. ಕಲ್ಲಲ್ಲ. ಚೀಲದ ಅಡಿಯಲ್ಲಿ, ಅಸ್ತರಿನ ಕೆಳಗೆ, ದುಂಡಗೆ, ದೊಡ್ಡ ನಾಣ್ಯದಷ್ಟು. ಅಸ್ತರಿನ ಅಂಚಿನಲ್ಲಿ ಹೊಲಿಗೆ, ಕಾರ್ಖಾನೆಯದಲ್ಲ, ಕೈಯದು, ಸೊಟ್ಟ ಸೊಟ್ಟ, ಏಳು ಹೊಲಿಗೆ, ಕಪ್ಪು ಬಟ್ಟೆಗೆ ನೀಲಿ ದಾರ. ನನ್ನ ದಾರ. ಸ್ಪೋರ್ಟ್ಸ್ ಡೇಗೆ ಬಾವುಟ ಹೊಲಿಯಲು ತಂದಿಟ್ಟಿದ್ದ ನೀಲಿ ಉಂಡೆಯದು. ಆಗ ನೆನಪುಗಳು ಒಂದೊಂದಾಗಿ ಬಂದವು, ಓಡುವ ಮಕ್ಕಳ ಹಾಗೆ ಒಂದರ ಹಿಂದೆ ಒಂದು — ಹೋದ ಭಾನುವಾರ ಶೆಟ್ಟಿಹಳ್ಳಿಯ ಹಾಳು ಚರ್ಚಿನ ಹತ್ತಿರ ಹಿನ್ನೀರು ನೋಡುತ್ತಾ ಕೂತಿದ್ದೆ, ಮನೆಗೆ ಬಂದರೆ ಮನು, ನೀರಿನ್ ಹತ್ರ ಅಷ್ಟೊತ್ತು ಏನ್ ಮಾಡ್ತಿದ್ದೆ ಅಂದರು. ಅದಕ್ಕೂ ಮುಂಚೆ ಚನ್ನರಾಯಪಟ್ಟಣದ ತಂಗಿ ಭವ್ಯಶ್ರೀಯ ಮನೆಗೆ ಹೋದಾಗ, ದಾರೀಲಿ ನಿಂತಿದ್ಯಲ್ಲ, ಎಳನೀರು ಚೆನ್ನಾಗಿತ್ತಾ ಅಂದರು, ನಿಂತದ್ದನ್ನು ನಾನು ಹೇಳಿರಲೇ ಇಲ್ಲ. ಊರಿಗೆಲ್ಲ ಪರಿಚಯ ಇರುವ ಮನುಷ್ಯ, ಟ್ರ್ಯಾಕ್ಟರ್ ಬಿಡಿಭಾಗದ ವ್ಯಾಪಾರ, ಯಾರೋ ನೋಡಿ ಫೋನ್ ಮಾಡಿರುತ್ತಾರೆ ಅಂದುಕೊಂಡೆ, ಹೆಮ್ಮೆಯೂ ಪಟ್ಟೆನಲ್ಲ, ಥೂ. ಮೊಬೈಲಿನಲ್ಲಿ ಎರಡು ಸಲ ಏನೋ ಎಚ್ಚರಿಕೆ ಬಂದಿತ್ತು, ಯಾವುದೋ ವಸ್ತು ನಿಮ್ಮ ಜೊತೆ ಚಲಿಸುತ್ತಿದೆ ಅಂತ, ಜಾಹೀರಾತು ಅಂತ ಬೆರಳಿಂದ ತಳ್ಳಿಬಿಟ್ಟಿದ್ದೆ.

ಬಿಚ್ಚಲು ಬ್ಲೇಡಿಲ್ಲ. ಬ್ಲೇಡಿನ ತೂಕ ಬೇಡವೆಂದು ಬಿಟ್ಟು ಬಂದವಳು ನಾನೇ. ನಾಲೆಯ ಏರಿಯ ಮೇಲೆ ಹುಲ್ಲು ಕೊಯ್ದು ಬರುತ್ತಿದ್ದ ಹೆಂಗಸು ಹೊರೆ ಕೆಳಗಿಟ್ಟು ಹತ್ತಿರ ಬಂದಳು, ಏನವ್ವ, ಪಂಚರ್ರಾ, ಅಂಗ್ಡಿ ಇಲ್ಲೆಲ್ಲೂ ಇಲ್ಲ ಕಣವ್ವ. ನಾನೇ ಹಾಕ್ಕೋತೀನಿ, ಸ್ವಲ್ಪ ಕುಡುಗೋಲು ಕೊಡ್ತೀರಾ. ಕುಡುಗೋಲಾ, ಪಂಚರ್ಗಾ? ಕೊಟ್ಟಳು. ತುದಿಯಿಂದ ಎಳೆದರೆ ಒಂದೊಂದು ಹೊಲಿಗೆಯೂ ಟಕ್ ಎಂದು ಬಿಟ್ಟುಕೊಂಡಿತು, ಬಿಳಿಯ ಬಿಲ್ಲೆ ಅಂಗೈಗೆ ಬಿತ್ತು, ಬೀಗದಕೈ ಕಳೆದುಹೋಗದಿರಲಿ ಎಂದು ಗೊಂಚಲಿಗೆ ಹಾಕುತ್ತಾರಲ್ಲ, ಎಲ್ಲಿದೆ ಎಂದು ಫೋನಿನಲ್ಲಿ ತೋರಿಸುತ್ತದಲ್ಲ, ಅದು. ಏನವ್ವ ಅದು, ಮಾತ್ರೆ ಇದ್ದಂಗದೆ? ನಾನು ಎಲ್ಲಿದ್ದೀನಿ ಅಂತ ಮನೆಯವರಿಗೆ ತೋರಿಸುತ್ತೆ. ಆಕೆ ಬಾಗಿ ನೋಡಿದಳು, ನೋಡಿ, ಓ, ನಮ್ಮ ಕೊಟ್ಗೆ ಅಸೀಗೂ ಕಿವಿಗ್ ಬಿಲ್ಲೆ ಒಡ್ದವ್ರೆ ಕಣವ್ವ, ಅಳ್ದೀದು, ನಂಬ್ರ ಬರ್ದವ್ರೆ, ಅಂದಳು. ನಗುತ್ತಲೂ ಇರಲಿಲ್ಲ, ಕೊಂಕೂ ಇರಲಿಲ್ಲ. ನಿಮ್ಮ ಹೆಸರೇನಮ್ಮ? ಸಣ್ಣಕ್ಕ ಅಂತಾರೆ. ಅದುಕ್ಕೆ ಕಿವಿ ನೋವಾಯ್ತು ಅಂತ ಎಲ್ಡು ದಿನ ಮೇವು ಮುಟ್ನಿಲ್ಲ, ಪಾಪ. ಸಣ್ಣಕ್ಕ ಹೊರೆಗೆ ಕೈ ಕೊಡು ಅಂದಳು, ತಲೆಗೆ ಏರಿಸಿಕೊಟ್ಟೆ, ಎಡ ಹೆಗಲು ಚುರ್ರೆಂದಿತು. ಕೆಲಸ ಮಾಡು ಅನುಶ್ರೀ, ಕೆಲಸ. ಹೊಸ ಟ್ಯೂಬು ಕೂರಿಸು, ಟೈರಿನ ಅಂಚು ಒಳಗೆ ತಳ್ಳು, ಪಂಪು ಹೊಡಿ, ಎಂಬತ್ತು, ತೊಂಬತ್ತು, ನೂರು, ಹೊಡಿ, ಇನ್ನೂ ಹೊಡಿ, ಟ್ಯೂಬೇನು ತಪ್ಪು ಮಾಡಿತು.

ಫೋನು. ಮನು. ಯಾಕೆ ಅನು ಅಲ್ಲೇ ನಿಂತ್ಬುಟ್ಟೆ, ನಲವತ್ತು ನಿಮಿಷ ಆಯ್ತು? ಎಲ್ಲಿ ನಿಂತಿದೀನಿ ರೀ? ಅದೇ, ನಾಲೆ ಹತ್ರ — ಅಂದವರು ಅಲ್ಲಿಗೇ ನಿಂತರು. ಕಬ್ಬಿನ ಗರಿ ಸರಸರ ಅನ್ನುತ್ತಿತ್ತು, ಅವರ ಕಡೆ ಕುಕ್ಕರ್ ಕೂಗುತ್ತಿತ್ತು. ಯಾವಾಗ ಹೊಲಿದ್ರಿ? ಸ್ಪೋರ್ಟ್ಸ್ ಡೇ ದಿವ್ಸ, ನೀನಿರ್ಲಿಲ್ವಲ್ಲ. ಕೇಳಬಹುದಾಗಿತ್ತಲ್ಲ. ಕೇಳಿದ್ರೆ ಬೇಡ ಅಂತಿದ್ದೆ ಕಣೆ. ಅಂತಿದ್ದೆ, ಹೌದು, ಖಂಡಿತ ಅಂತಿದ್ದೆ, ಅದಕ್ಕೇ ಕೇಳಬೇಕಾಗಿತ್ತು, ಅಂದೆ, ಗಂಟಲು ಗ್ರೌಂಡಿನಲ್ಲಿ ಕೂಗುವ ಗಂಟಲಾಗಿತ್ತು, ನಾಲೆಯಾಚೆ ಒಂದು ಬೆಳ್ಳಕ್ಕಿ ಎದ್ದು ಹೋಯಿತು. ಅವರು ಸಣ್ಣಗೆ ಅಂದರು, ಅವತ್ತಿನ್ ದಿನ ನಾನ್ ಹೆಂಗ್ ಹುಡುಕ್ದೆ ಅಂತ ನಿಂಗ್ ಗೊತ್ತಿಲ್ಲ. ಗೊತ್ತಿಲ್ಲವೇ? ಎರಡು ವರ್ಷದ ಹಿಂದೆ, ಅರಕಲಗೂಡಿನಿಂದ ಹಾಸನಕ್ಕೆ ಬರುವ ರಸ್ತೆ, ನಾಯಿ ಅಡ್ಡ ಬಂತು, ಚರಂಡಿಯ ಪೊದೆಯಲ್ಲಿ ಒಂದೂವರೆ ಗಂಟೆ ಬಿದ್ದಿದ್ದೆ, ಫೋನು ಒಡೆದಿತ್ತು, ಹೆಗಲ ಮೂಳೆ ಚರ್ಮದ ಕೆಳಗೆ ಎದ್ದು ನಿಂತಿತ್ತು, ಬಸ್ಸು ಹೋಗುವ ಸದ್ದು ಕೇಳುತ್ತಿತ್ತು, ಕೂಗಲು ಉಸಿರಿರಲಿಲ್ಲ. ಮನು ಬೈಕಿನಲ್ಲಿ ಆ ರಸ್ತೆಯನ್ನು ಎರಡು ಸಲ ಹೋಗಿ ಬಂದಿದ್ದರು, ಮೂರನೆಯ ಸಲ ಪೊದೆಯೊಳಗೆ ಚಕ್ರ ಕಂಡಿತಂತೆ, ಇಳಿದು ಬಂದವರು ಅಂಗಿ ಬಿಚ್ಚಿ ನನ್ನ ಕೈಯನ್ನು ಎದೆಗೆ ಕಟ್ಟಿದರು. ಅದಾದ ಮೇಲೂ ಸೈಕಲ್ ಬಿಡು ಅನ್ನಲಿಲ್ಲ, ಒಂದೇ ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಇದಕ್ಕೇನು ಮಾಡಲಿ, ಅಕ್ಕರೆಗೆ ಬೈಯುವುದು ಹೇಗೆ, ಬೈಯದೆ ಇರುವುದಾದರೂ ಹೇಗೆ.

ಕೇಳಿ ಮನು, ನನಗೇನೂ ಆಗಿಲ್ಲ, ಪಂಚರ್ ಹಾಕಿದೀನಿ, ಈಗ ಅರಕಲಗೂಡಿಗೆ ಹೋಗ್ತೀನಿ, ಅಲ್ಲಿಂದ ಫೋನ್ ಮಾಡ್ತೀನಿ, ಮಧ್ಯಾಹ್ನ ಊಟಕ್ಕೆ ಮನೇಲಿರ್ತೀನಿ. ಈ ಬಿಲ್ಲೆಯನ್ನ ಇಲ್ಲಿ ಕಿಲೋಮೀಟರ್ ಕಲ್ಲಿನ ಮೇಲೆ ಇಟ್ಟು ಹೋಗ್ತಿದೀನಿ, ಬೇಕಿದ್ರೆ ಬಂದು ತಗೊಂಡು ಹೋಗಿ. ಅನು, ಲೇ, ಕೇಳಿಲ್ಲಿ — ಇಟ್ಟೆ ಫೋನನ್ನು. ಬಿಲ್ಲೆಯನ್ನೂ ಇಟ್ಟೆ, ಕಲ್ಲಿನ ನೆತ್ತಿಯ ಮೇಲೆ, ಗಾಳಿಗೆ ಬೀಳದಿರಲಿ ಎಂದು ಮೇಲೊಂದು ಬೆಣಚು ಹೇರಿದೆ. ಹತ್ತಿದೆ. ಚಕ್ರ ಗಟ್ಟಿಯಾಗಿದೆ, ರಸ್ತೆ ಹರಿಯುತ್ತಿದೆ, ಚೀಲ ಈಗ ಹನ್ನೊಂದು ಗ್ರಾಂ ಹಗುರ, ಹಗುರವಾಗಬೇಕಿತ್ತಲ್ಲ ನನಗೂ, ತುಳಿ, ಮನೆಗೆ ಹೋಗಿ ಏನನ್ನಬೇಕು, ಮೊದಲು ಊಟ, ಆಮೇಲೆ ಮಾತು, ಅತ್ತೆಯ ಮುಂದೆ ಬೇಡ, ಮಹಡಿಯ ಮೇಲೆ, ಬಾಗಿಲು ಹಾಕಿಕೊಂಡು, ನಾನು ಸಿಟ್ಟಿನಲ್ಲಿರಬೇಕು, ಸಿಟ್ಟಿನಲ್ಲೇ ಇರಬೇಕು, ಮೂರು ಸಲ ಅಂಗಡಿಗೆ ಸುತ್ತಿಸಿದರಲ್ಲ, ಅಸ್ತರಿರುವ ಚೀಲವೇ ಆಗಬೇಕು ಅಂತ ಯಾಕೆ ಹಟ ಹಿಡಿದರೆಂದು ಈಗ ತಿಳಿಯಿತಲ್ಲ, ಅದನ್ನೇ ಹೇಳು, ಅಲ್ಲಿಂದಲೇ ಶುರು ಮಾಡು — ಅಂಗಿಗೆ ಗುಂಡಿ ಹಾಕಲು ಬಾರದ ಮನುಷ್ಯ, ಸೂಜಿಗೆ ದಾರ ಪೋಣಿಸಲು ಚಾಳೀಸು ಹುಡುಕಿರಬೇಕು, ಕಪ್ಪು ದಾರ ಪಕ್ಕದಲ್ಲೇ ಇದ್ದರೂ ನೀಲಿ ತೆಗೆದುಕೊಂಡಿದ್ದಾರೆ, ಆ ದಿನ ಸಂಜೆ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದರು, ಸೌತೆಕಾಯಿ ಹೆಚ್ಚುವಾಗ ಕುಯ್ದುಕೊಂಡೆ ಅಂದಿದ್ದರು, ನಾನು ನಂಬಿದ್ದೆ, ಏಳು ಹೊಲಿಗೆ, ನಾಲ್ಕನೆಯದರ ಪಕ್ಕ ದಾರದ ಮೇಲೆ ಒಂದು ಕಂದು ಚುಕ್ಕೆ ಇತ್ತು, ತುಳಿ ಅನುಶ್ರೀ, ಸಾಸಿವೆಯಷ್ಟು, ಒಣಗಿದ ಕಂದು, ತುಳಿ, ಏರು ಬಂತು, ನೀಲಿ ದಾರ, ನಾಲ್ಕನೆಯ ಹೊಲಿಗೆ, ಕಂದು ಚುಕ್ಕೆ, ಆ ಕಂದು ಚುಕ್ಕೆ