ಎರಡರಿಂದ ಎರಡೂವರೆ

ಬೆಳಗಿನಿಂದ ದೊಡ್ಡಸಿಸ್ಟರು ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದರು. ಔಷಧಿ ಬೀರುವಿನ ಬೀಗ ಎಳೆದು ನೋಡಿದರು. ಎರಡು ಹೆಜ್ಜೆ ಹೋಗಿ, ತಿರುಗಿ ಬಂದು, ಮತ್ತೆ ಎಳೆದರು.

"ಆ ಬೀಗ ನಿಮಗೇನು ಮಾಡಿತ್ತು ಸಿಸ್ಟರ್? ಕಿತ್ತು ಕೈಗೆ ಬಂದೀತು," ಎಂದ ಡ್ರೈವರಣ್ಣ.

"ಜೀಪ್ ತೊಳೆದ್ಯಾ?"

"ಮದುಮಗಳ ಥರ ನಿಂತಿದೆ. ಅಳತೆ ಮೇಡಂ ಅದರ ಉದ್ದ ಅಗಲಾನೂ ಅಳೀತಾರಾ?"

ಸಿಸ್ಟರು ನಗಲಿಲ್ಲ. ವಾಸಿಯಾಗದ ಕಾಯಿಲೆಯವರ ಮನೆಗೇ ಹೋಗಿ ನೋವು ಇಳಿಸುವುದು ಅವರ ಘಟಕದ ಕೆಲಸ. ನಲವತ್ತೊಂದು ಮನೆ, ಒಂದು ಜೀಪು, ಒಂದು ಫೋನು. ವರ್ಷಕ್ಕೊಮ್ಮೆ ಅಳತೆ ಮೇಡಂ ಬಂದು, ಕೆಲಸದ ವ್ಯವಸ್ಥೆಯನ್ನೆಲ್ಲ ಅಳೆದೂ ಸುರಿದೂ ನೂರಕ್ಕೆ ಇಷ್ಟು ಎಂದು ಬರೆದು ಹೋಗುತ್ತಾರೆ. ಈ ಸಲ ಎಂಬತ್ತಕ್ಕಿಂತ ಕೆಳಗಿಳಿದರೆ ಘಟಕವನ್ನು ದೊಡ್ಡ ಆಸ್ಪತ್ರೆಗೆ ಸೇರಿಸುತ್ತೇವೆ ಎಂದು ಮೇಲಿನಿಂದ ಕಾಗದ ಬಂದಿತ್ತು. ಸೇರಿದ ಮೇಲೆ ಜೀಪು ಯಾರ ಬಾಗಿಲಿಗೂ ಹೋಗುವುದಿಲ್ಲ. ಏಳಲಾರದವರೇ ಎದ್ದು ಅಲ್ಲಿಗೆ ಹೋಗಬೇಕು.

ಮೇಡಂ ಬಂದರು, ಕನ್ನಡಕ ಏರಿಸಿದರು, ಕಡತ ತಿರುವಿದರು. ಸಿಸ್ಟರು ಎದುರಿನ ಕುರ್ಚಿಯಲ್ಲಿ ಮುಳ್ಳಿನ ಮೇಲೆ ಕೂತಂತೆ ಕೂತರು.

"ಬಂದ ಫೋನ್ ಕರೆ ಎಷ್ಟು, ಎತ್ತಿದ್ದು ಎಷ್ಟು?"

"ಪುಸ್ತಕದಲ್ಲಿದೆ ಮೇಡಂ."

"ಇರೋದೆಲ್ಲಾ ಎತ್ತಿದ್ದೇ. ಹತ್ತಕ್ಕೆ ಹತ್ತು." ಎತ್ತಿದ ಕರೆಯನ್ನಷ್ಟೇ ಬರೆಯುವ ಪುಸ್ತಕದಲ್ಲಿ ಎತ್ತದ ಕರೆ ಎಲ್ಲಿಂದ ಬರಬೇಕು? ಸಿಸ್ಟರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

ಮುಂದಿನದು ಮನೆಯವರ ಅಭಿಪ್ರಾಯದ ಹಾಳೆಗಳು. ಮೇಡಂ ಒಂದನ್ನು ತೆಗೆದು ಗಟ್ಟಿಯಾಗಿ ಓದಿದರು. "ಬಡಗಿಯ ಹೆಂಡತಿ ಬರೆದಿರೋದು. 'ಎಲ್ಲಾ ಚೆನ್ನಾಗಿತ್ತು. ಅವತ್ತು ಕೈ ನಡುಗಿ ಏಳು ಸಲ ನಂಬರ್ ತಪ್ಪು ಒತ್ತಿದ್ದು ನಂದೇ ತಪ್ಪು. ಅವರು ಅಷ್ಟೊತ್ತು ನರಳಿದ್ದು ನನ್ನಿಂದ. ಸಿಸ್ಟರಮ್ಮ ಕರೀದೇನೇ ದೇವರ ಹಾಗೆ ಬಂದ್ರು.' ನೋಡಿ, ಎಷ್ಟು ಒಳ್ಳೇ ಮನಸ್ಸು! ಇದಕ್ಕೂ ಪೂರ್ತಿ ಅಂಕ. ಒಟ್ಟು ಎಂಬತ್ತೆಂಟು. ಪಾಳಿ ಬದಲಾಗೋದು ನೋಡ್ತೀನಿ, ಅಡ್ಡಿ ಆದ್ರಷ್ಟೇ ಕಳೀತೀನಿ."

ಸಿಸ್ಟರ ಕಿವಿಗೆ ಎಂಬತ್ತೆಂಟು ಇಳಿಯಲಿಲ್ಲ. ನಂದೇ ತಪ್ಪು ಎಂಬುದು ಇಳಿಯಿತು, ಇಳಿದಲ್ಲಿ ನಿಲ್ಲದೆ ಕೊರೆಯಿತು.

ಬಡಗಿಯ ಹೆಂಡತಿ ನಂಬರು ತಪ್ಪಿರಲಿಲ್ಲ. ಎರಡರಿಂದ ಎರಡೂವರೆ ಪಾಳಿ ಬದಲಾಗುವ ಹೊತ್ತು. ಹೋಗುವವರು ಬರುವವರಿಗೆ ಒಂದೊಂದು ಮನೆಯ ಸ್ಥಿತಿಯನ್ನೂ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಬೇಕು. ಹೋದ ವರ್ಷ ಮೇಡಂ ಎದುರೇ ನಡುವೆ ಮೂರು ಸಲ ಫೋನ್ ಬಡಿದು, 'ಅಡ್ಡಿ' ಎಂದು ಅಂಕ ಹೋಗಿತ್ತು. ಮರುದಿನದಿಂದ ಸಿಸ್ಟರು ಆ ಅರ್ಧ ಗಂಟೆ ಫೋನಿನ ಸದ್ದು ಅಡಗಿಸಿ ಡ್ರಾಯರಿಗೆ ಹಾಕತೊಡಗಿದರು. ಒಂದು ದಿನ ಡ್ರಾಯರು ತೆಗೆದರೆ ಏಳು ಕರೆ. ಜೀಪು ಹತ್ತಿ ಓಡಿದಾಗ ಬಡಗಿ ಔಷಧಿ ವಾಂತಿ ಮಾಡಿಕೊಂಡು ಹಾಸಿಗೆ ಕಚ್ಚುತ್ತಿದ್ದ. "ದೇವರ ಹಾಗೆ ಬಂದ್ರಿ," ಎಂದು ಆಕೆ ಕೈ ಮುಗಿದಳು. ಸಿಸ್ಟರು ಆ ಮುಗಿದ ಕೈಯನ್ನು ಸುಮ್ಮನೆ ಒಪ್ಪಿಕೊಂಡರು. ಅಂದಿನಿಂದ ಫೋನು ಕೈಯಲ್ಲೇ ಇರುತ್ತಿತ್ತು. ಇವತ್ತೊಂದು ದಿನ ಮಾತ್ರ, ಮೇಡಂ ಇದ್ದಾರೆಂದು, ಮತ್ತೆ ಡ್ರಾಯರಿಗೆ.

ಎರಡು ಹೊಡೆಯಿತು. ಮೇಜಿನ ಸುತ್ತ ಎಲ್ಲರೂ ನಿಂತರು, ಮೇಡಂ ಪೆನ್ನು ಹಿಡಿದರು. "ಮೊದಲನೇ ಮನೆ, ಅಜ್ಜಿ, ನಿದ್ದೆ ಬಂದಿದೆ. ಎರಡನೇ ಮನೆ, ಮೇಷ್ಟ್ರು, ನೋವು ನಿನ್ನೆಗಿಂತ ಕಮ್ಮಿ..." ನಾಲ್ಕನೇ ಮನೆಗೆ ಬರುವಾಗ ಡ್ರಾಯರು ಸಿಕ್ಕಿಬಿದ್ದ ದುಂಬಿಯ ಹಾಗೆ ಗುಂಯ್‌ಗುಟ್ಟಿತು. ಯಾರೂ ಅತ್ತ ನೋಡಲಿಲ್ಲ. ಗುಂಯ್ ನಿಂತಿತು. ಮತ್ತೆ ಶುರುವಾಯಿತು.

ಸಿಸ್ಟರು ಡ್ರಾಯರು ಎಳೆದ ರಭಸಕ್ಕೆ ಅದು ಕಳಚಿ ಕೈಗೇ ಬಂತು.

"ಅಮ್ಮ ಮಾತ್ರೆ ಉಗುಳಿಬಿಟ್ಲು ಸಿಸ್ಟರ್, ಇನ್ನೊಂದು ಕೊಡ್ಲಾ?" ಯಾರದೋ ಮಗನ ಗಾಬರಿ.

"ಇಡೀ ಮಾತ್ರೆ ಹೊರಗೆ ಬಂತಾ? ಕಣ್ಣಾರೆ ನೋಡಿದ್ರಾ? ಹಾಗಾದ್ರೆ ಕೊಡಿ. ಹತ್ತು ನಿಮಿಷ ಬಿಟ್ಟು ನಾನೇ ಫೋನ್ ಮಾಡ್ತೀನಿ."

ಅರ್ಧ ನಿಮಿಷದ ಮಾತು. ಬಡಗಿಗೂ ಇಷ್ಟೇ ಬೇಕಾಗಿತ್ತು.

"ಫೋನನ್ನ ಡ್ರಾಯರ್‌ನಲ್ಲಿ ಇಡ್ತೀರಾ?" ಎಂದರು ಮೇಡಂ. "ಯಾರು ಹೇಳಿದ್ದು ಹಾಗೆ?"

"ಹೇಳಿದವರು ಯಾರೂ ಇಲ್ಲ. ಹೋದ ವರ್ಷ ನೀವು ಅಂಕ ಕಿತ್ಕೊಂಡ್ರಿ, ನಾನು ಫೋನಿನ ಬಾಯಿ ಕಟ್ಟಿದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಂಗೆ." ಸಿಸ್ಟರು ಕರೆಪುಸ್ತಕ ಎಳೆದುಕೊಂಡು, ಹಳೆಯ ತಾರೀಖಿನ ಪುಟದ ಅಂಚಿನಲ್ಲಿ ಬಡಗಿಯ ಮನೆ, ಎತ್ತಲಿಲ್ಲ ಎಂದು ಬರೆದರು. ಅದರ ಕೆಳಗೆ ಅದನ್ನೇ ಇನ್ನೊಮ್ಮೆ. ಏಳು ಸಾಲು.

ಮೇಡಂ ಪೆನ್ನು ತಡೆದು ನಿಂತರು. "ಈ ಹತ್ತು ಹೋದ್ರೆ ಎಪ್ಪತ್ತೆಂಟು. ಗೊತ್ತಲ್ವಾ?"

"ಗೊತ್ತು. ಬರ್ಕೊಳ್ಳಿ."

ಡ್ರೈವರಣ್ಣ ಬಾಗಿಲಲ್ಲಿ ನಿಂತು, "ಅಯ್ಯೋ ಸಿಸ್ಟರ್, ನಲವತ್ತೊಂದು ಮನೆ!" ಎಂದ. ಮೇಡಂ ಹತ್ತನ್ನು ಹೊಡೆದುಹಾಕಿ ಸೊನ್ನೆ ಇಟ್ಟರು. ಆಮೇಲೆ ಷರಾ ಬರೆಯುವ ಜಾಗದಲ್ಲಿ, 'ತಪ್ಪಿಗೆ ಕಾರಣ ನಮ್ಮ ಹೋದ ವರ್ಷದ ಅಳತೆ' ಎಂದು ಬರೆದು, ಅದು ಸಾಲದೆನಿಸಿ, ಹಾಳೆ ತಿರುಗಿಸಿ ಹಿಂದೆಯೂ ಬರೆಯತೊಡಗಿದರು. ಅದನ್ನು ಮೇಲಿನವರು ಓದುತ್ತಾರೋ ಬಿಡುತ್ತಾರೋ, ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಸಿಸ್ಟರು ಆಗಲೇ ನಂಬರು ಒತ್ತಿದ್ದರು.

"ಅಕ್ಕಾ, ನಾನು ಸಿಸ್ಟರ್. ಅವತ್ತು ನೀವು ನಂಬರ್ ತಪ್ಪು ಒತ್ತಿರಲಿಲ್ಲ. ಏಳು ಸಲಾನೂ ಇಲ್ಲಿಗೇ ಬಂದಿತ್ತು. ಫೋನನ್ನ ನಾನೇ ಡ್ರಾಯರ್‌ಗೆ ಹಾಕಿದ್ದೆ."

ಆ ಕಡೆ ಏನೋ ಪಾತ್ರೆ ಕೆಳಗಿಟ್ಟ ಸದ್ದು.

"ಹಂಗಾದ್ರೆ... ನಾನು ಸರಿಯಾಗೇ ಒತ್ತಿದ್ನಾ?"

"ಸರಿಯಾಗೇ ಒತ್ತಿದ್ರಿ."

"ಸರಿಯಾಗೇ ಒತ್ತಿದ್ದೆ," ಎಂದು ಆಕೆ ತನಗೇ ಹೇಳಿಕೊಂಡಳು. ಆಮೇಲೆ, "ಒಂದೂವರೆ ತಿಂಗಳಾಯ್ತಲ್ಲ ಸಿಸ್ಟರಮ್ಮ. ಅವತ್ತೇ ಯಾಕೆ ಹೇಳ್ಲಿಲ್ಲ?"

ಮೇಜಿನ ಸುತ್ತ ನಾಲ್ಕನೇ ಮನೆ ಇನ್ನೂ ಕಾಯುತ್ತಿತ್ತು. ಸಿಸ್ಟರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡರು. ಇಡಲಿಲ್ಲ.