ಸರದಾರನ ಸೋಲಾಪುರ ಬ್ರಾಂಚು

ತಗಡಿನ ಪೆಟ್ಟಿಗೆ ಬಡಿಯುವುದನ್ನು ಸರದಾರ ಅಪ್ಪನಿಂದ ಕಲಿತಿದ್ದ, ಅದರಲ್ಲಿ ತಪ್ಪಿಲ್ಲ. ಹೆಸರಿಡುವುದನ್ನು ಮಾತ್ರ ತಾನೇ ಕಲಿತ.

ಸನಮಡಿಯಲ್ಲಿ ಬೇವಿನ ಗಿಡದ ಕೆಳಗೆ ಕೂತು ಕೆಲಸ ಮಾಡುತ್ತಿದ್ದಾಗ ಹೆಸರಿನ ಗೊಡವೆಯೇ ಇರಲಿಲ್ಲ. ಮದುವೆ ಗೊತ್ತಾದ ಮನೆಯವರು ಸುತ್ತಿಗೆಯ ಸಪ್ಪಳ ಹಿಡಿದು ಬರುತ್ತಿದ್ದರು. ಜತ್ತದ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಹಿಡಿದ ಮೇಲೆ ಬೋರ್ಡು ಬೇಕಾಯಿತು.

“ನಿಮ್ಮ ಹೆಸರಽ ಬರಸ್ರಿ,” ಎಂದಳು ಹೆಂಡತಿ ಕಾಸೀಂಬಿ.

“ನನ್ನ ಹೆಸರು ಕೇಳಿದವರು ಯಾರದಾರ? ಹೊಸಾ ಹೆಸರಂದ್ರ ಹೊಸಾ ಬೀಜ ಇದ್ದಂಗ, ಮೊಳಕಿ ಒಡೀತೈತೋ ಇಲ್ಲೋ. ‘ನ್ಯೂ ಬಾಂಬೆ ಪೇಟಿ ಮಹಲ್’ ನೋಡು, ಸೋಲಾಪುರದಾಗ ಐತಿ, ಮಿರಜಿನಾಗ ಐತಿ, ವಿಜಾಪುರದಾಗ ಐತಿ. ಅಲ್ಲೆಲ್ಲಾ ನಡದದ್ದು ಇಲ್ಲಿ ನಡೀದ ಇರತೈತೇನು?”

“ಮಂದಿ ಅಂಗಿ ಹಾಕ್ಕೊಂಡ್ರ ಮೈ ಮಂದಿದು ಆಗತೈತೇನ್ರಿ?”

“ಆ ಊರಽ ತನ್ನ ಹೆಸರು ಬಿಟ್ಟು ಮುಂಬೈ ಆಗೇತಿ. ಬಿದ್ದದ್ದನ್ನ ನಾ ಎತ್ಕೊಂಡೀನಿ, ತಪ್ಪೇನು?”

ಸೋಲಾಪುರದಲ್ಲಿ ಕೆಲಸ ಕಲಿತು ಬಂದಿದ್ದ ಪೇಂಟರ್ ತಾನಾಜಿಗೆ ಈ ಹೆಸರು ಭಾಳ ಪಸಂದಾಯಿತು. ಮುಚ್ಚಳದ ಒಳಗೆ ಒಂದು ಗಿಳಿ, ಅದರ ಕೆಳಗೆ ಇದೇ ಹೆಸರು ಮೂಡಿಸುವ ಅಚ್ಚು ಅವನ ಬಳಿ ತಯಾರಿತ್ತು, ಅಲ್ಲಿಂದಲೇ ತಂದದ್ದು. “ಬ್ಯಾರೆ ಹೆಸರಂದ್ರ ಬ್ಯಾರೆ ಅಚ್ಚು ಕೊರೀಬೇಕ್ರಿ ಮಾಮಾ. ಇದು ಲಗೂನ ಆಗತೈತಿ.” ಹೀಗೆ ಸರದಾರನ ಪೆಟ್ಟಿಗೆಗಳು ಹೆಸರಿನಲ್ಲಷ್ಟೇ ಅಲ್ಲ, ಗಿಳಿಯ ಕೊಕ್ಕಿನಲ್ಲೂ ಸೋಲಾಪುರದವೇ ಆದವು.

ಮೊದಲ ಫಲ ತಂದವನು ಬೆಳುಂಕಿಯ ಕುರಿಗಾರ ಭರಮಣ್ಣ. ತಲೆಯ ಮೇಲಿನ ಪೆಟ್ಟಿಗೆಯನ್ನು ಧೊಪ್ಪನೆ ಇಳಿಸಿದ. ಮುಚ್ಚಳದೊಳಗೆ ಅದೇ ಗಿಳಿ, ಅದೇ ಹೆಸರು. ಬುಡ ಕಳಚಿತ್ತು.

“ತಂಗಿ ಮದುವ್ಯಾಗ ಕೊಟ್ಟದ್ದು. ಬುಡ ಬಿದ್ದೈತಿ, ಅಕಿ ಅತ್ತಿ ದಿನಾ ನಮ್ಮ ಮನಿತನ ಎತ್ತಿ ಆಡ್ತಾಳ. ಏನ್ ಮಾಲು ಮಾರ್ತಿಯೋ ಸರದಾರಾ?”

“ಇದು ಸೋಲಾಪುರದ್ದು ಕಾಕಾ, ನಂದಲ್ಲ.”

“ಹಂಗಂದ್ರ ನಿನ್ನ ಸೋಲಾಪುರದ ಬ್ರಾಂಚಿನವರಿಗಿ ಉಗದು ಹೇಳು!”

ಬ್ರಾಂಚು! ಆ ಶಬ್ದ ಸರದಾರನ ಕಿವಿಗೆ ಅತ್ತರಿನ ಹತ್ತಿಯಂತೆ ಕೂತಿತು. ಬ್ರಾಂಚು ಅಲ್ಲಿದ್ದರೆ ಹೆಡ್ ಆಫೀಸು ಇಲ್ಲೇ ಇರಬೇಕಲ್ಲ. ಪುಕ್ಕಟೆ ಬುಡ ಹಾಕಿಕೊಟ್ಟ. ಮುಂದೆ ಎಲ್ಲೆಲ್ಲಿಂದಲೋ ಮುರುಕು ಗಿಳಿಪೆಟ್ಟಿಗೆಗಳು ಬರತೊಡಗಿದವು. “ನಮ್ಮ ಸೋಲಾಪುರದವರು ತಗಡು ತೆಳು ಹಾಕ್ತಾರ್ರಿ, ಹೇಳಿದ್ರ ಕೇಳೂದಿಲ್ಲ,” ಎಂದು ತಾನು ಕಂಡೇ ಇರದವರನ್ನು ಬೈಯುತ್ತ ಸರದಾರ ಎಲ್ಲವನ್ನೂ ರಿಪೇರಿ ಮಾಡಿದ. ಕಾಸೀಂಬಿ ಹಣೆ ಹಣೆ ಬಡಿದುಕೊಂಡಳು.

ಮಗಳು ಸುಲತಾನಾಳ ಮದುವೆ ಗುಡ್ಡಾಪುರದ ಸಲೀಮನ ಜೊತೆ ಆಯಿತು. ಅವಳಿಗೆಂದು ಸರದಾರ ದಪ್ಪ ತಗಡಿನ, ಜೋಡು ಬುಡದ ಪೆಟ್ಟಿಗೆ ಬಡಿದಿದ್ದ. ಅಂಥದ್ದನ್ನು ಹಿಂದೆಂದೂ ಮಾಡಿರಲಿಲ್ಲ. ಮುಚ್ಚಳಕ್ಕೆ ತಾನಾಜಿ ರೂಢಿಯಂತೆ ಗಿಳಿ, ಹೆಸರು ಒತ್ತಿದ.

ಮದುವೆಯಾದ ಮೊದಲ ಶುಕ್ರವಾರ ಅಳಿಯ ಮಗಳನ್ನು ಕರೆದು ಉಣ್ಣಿಸುವ ಜುಮ್ಮಗಿಗೆ ಬಂದ ಸುಲತಾನಾ ತಾಟಿನಲ್ಲಿ ಕೈಯಾಡಿಸುತ್ತ ಕೂತಳು.

“ಹೆಂಗಸರೆಲ್ಲಾ ಕೂಡಿ ಪೆಟ್ಟಿಗಿ ತೆಗಸಿದ್ರು ಅಬ್ಬಾ. ಹೆಸರು ನೋಡಿ ನಕ್ಕರು. ಸ್ವಂತ ಮಗಳಿಗಿ ಪ್ಯಾಟಿ ಮಾಲು ಕೊಟ್ಟಾನ ಅಂದ್ರು. ನಮ್ಮಪ್ಪನಽ ಮಾಡ್ಯಾನ ಅಂದ್ರ, ಸುಳ್ಳು ಹೇಳತಿ ಅಂತಾರ. ನನ್ನ ಪೆಟ್ಟಿಗಿ ದನದ ಕೊಟ್ಟಿಗ್ಯಾಗ ಇಟ್ಟಾರ.”

ಮರುದಿನ ಸರದಾರ ಚೀಲದಲ್ಲಿ ತಗಡು ಉಜ್ಜುವ ಅರ ಹಾಕಿಕೊಂಡು ಮಗಳ ಜೊತೆಗೇ ಗುಡ್ಡಾಪುರಕ್ಕೆ ಹೋದ.

“ಬರ್ರಿ ಬೀಗರ, ಕುಂದ್ರಿ,” ಎಂದಳು ಬೀಗತಿ, ತುಂಬು ಮೈಯ ಹೆಂಗಸು. ಓಣಿಯ ಹೆಂಗಸರು ಆಗಲೇ ಬಾಗಿಲಲ್ಲಿ ಕೂಡಿದ್ದರು. “ಆ ಪೆಟ್ಟಿಗಿ ನೀವಽ ಮಾಡೀರಂತ, ಹೌದೇನ್ರಿ?”

“ಹೌದ್ರಿ.”

ಬೀಗತಿ ಜೋಳದ ಚೀಲಗಳ ಹಿಂದಿನಿಂದ ಇನ್ನೊಂದು ಪೆಟ್ಟಿಗೆ ಎಳೆದಳು. ಅದೇ ಗಿಳಿ, ಅದೇ ಹೆಸರು. ಬುಡ ತುಕ್ಕು ತಿಂದು ಜರಡಿಯಾಗಿತ್ತು.

“ಹಂಗಂದ್ರ ಇದೂ ನಿಮ್ದಽ ಇರಬೇಕಲ್ರಿ?”

‘ನಮ್ಮ ಸೋಲಾಪುರದವರು’ ಎಂಬ ಮಾತು ಸರದಾರನ ನಾಲಿಗೆಯ ತುದಿಗೆ ಬಂತು. ನನ್ನದೇ ಎಂದರೆ ಸುಲತಾನಾ ಬುಡ ಬೀಳುವ ಪೆಟ್ಟಿಗೆಯವನ ಮಗಳು. ಅಲ್ಲ ಎಂದರೆ ಕದ್ದ ಹೆಸರಿನವನ ಮಗಳು, ಆದರೆ ಅವಳ ಪೆಟ್ಟಿಗೆ ಗಟ್ಟಿ. ಅವಳು ನೆಲ ನೋಡುತ್ತ ನಿಂತಿದ್ದಳು. ಸರದಾರ ಸೋಲಾಪುರದ ಮಾತನ್ನು ನುಂಗಿದ.

“ನನ್ನ ಮಗಳ ಪೆಟ್ಟಿಗಿ ನನ್ನ ಕೈದ್ರಿ. ಅದರ ಮ್ಯಾಲಿನ ಹೆಸರು ಮಂದಿದು.”

ಕೊಟ್ಟಿಗೆಗೆ ಹೋಗಿ, ಅರ ತೆಗೆದು ಹೆಸರನ್ನು ಕೆರೆದ. “ಹೆಸರು ಕಡಾ ತಂದಿದ್ದರಂತ!” ಎಂದು ಬಾಗಿಲಲ್ಲಿ ಕಿಸಕ್ಕನೆ ನಗು ಎದ್ದಿತು. ಬೀಗತಿ ನಗಲಿಲ್ಲ. ಪೆಟ್ಟಿಗೆಯ ಮುಚ್ಚಳ ಹಾಕಿ, ಸೆರಗು ಬಿಗಿದು, ಅದರ ಮೇಲೆ ಹತ್ತಿ ನಿಂತಳು. ಒಂದು ಸಲ ಕುಣಿದೂ ನೋಡಿದಳು. ತಗಡು ಕಿಮಕ್ ಅನ್ನಲಿಲ್ಲ.

“ಚಲೋ ಐತಿ,” ಎಂದು ಇಳಿದಳು. “ಸುಲತಾನಾ, ಒಳಗ ಒಯ್ಯಿ. ನನ್ನ ರಮಜಾನದ ಸೀರಿನೂ ಇದರಾಗ ಇಡು.”

ಸುಲತಾನಾ ತಲೆ ಎತ್ತಿದಳು.

ಜತ್ತಕ್ಕೆ ಮರಳಿದ ಸರದಾರ ಬೋರ್ಡು ಇಳಿಸಿದ. ಅಚ್ಚೊತ್ತಿದ್ದ ಮುಚ್ಚಳಗಳನ್ನೆಲ್ಲ ಕೆರೆದ. ಹೊಸ ಹೆಸರು ಹುಡುಕುವ ಧೈರ್ಯ ಬರಲಿಲ್ಲ. ಗಿಳಿ ಉಳಿಯಿತು, ಅದರ ಕೆಳಗೆ ಕೆರೆದ ಗಾಯ ಉಳಿಯಿತು. ಗುಡ್ಡಾಪುರದ ಬೀಗತಿ ಪೆಟ್ಟಿಗೆಯ ಮೇಲೆ ಕುಣಿದ ಸುದ್ದಿ ಊರೂರಿಗೆ ಹೋಗಿ, ಜನ ಕೆರೆದ ಪೆಟ್ಟಿಗೆಯನ್ನೇ ಕೇಳಿ ಒಯ್ಯತೊಡಗಿದರು. ಹೊಸ ಪೆಟ್ಟಿಗೆಗಳಿಗೂ ಅಚ್ಚು ಒತ್ತಿ, ಹೆಸರು ಕೆರೆಯಬೇಕಾಯಿತು.

ಒಂದು ದಿನ ಭರಮಣ್ಣ ಮತ್ತೆ ಬಂದು ಪೆಟ್ಟಿಗೆಯೊಂದನ್ನು ಧೊಪ್ಪನೆ ಇಳಿಸಿದ. ಬುಡ ಕಳಚಿತ್ತು. ಸರದಾರ ಮುಚ್ಚಳ ತೆರೆದ: ಗಿಳಿ, ಅದರ ಕೆಳಗೆ ನೀಟಾಗಿ ಕೆರೆದ ಗುರುತು.

“ಇದು ನಂದಲ್ಲ ಕಾಕಾ.”

“ಹೆಂಗ ಅಲ್ಲ? ಕೆರದೈತಲ್ಲ! ಜತ್ತದ ಅಸಲಿ ಮಾಲಂದ್ರ ಕೆರದಽ ಇರತೈತಿ ಅಂತ ಸೋಲಾಪುರದ ಅಂಗಡ್ಯಾಗ ಹೇಳಿ ಕೊಟ್ಟಾರ.”

ಕಾಸೀಂಬಿ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. “ತೊಗೋರಿ, ಈಗ ಖರೇನಽ ಸೋಲಾಪುರದಾಗ ನಿಮ್ಮ ಬ್ರಾಂಚು ಆತು!”

ಸರದಾರ ಆ ಗುರುತಿನ ಮೇಲೆ ಒಮ್ಮೆ ಬೆರಳಾಡಿಸಿ, ಸುತ್ತಿಗೆ ಎತ್ತಿಕೊಂಡ.